ಯಾರ್ಕ್‌ನ ಟ್ಯಾನ್ಸಿ ದುಂಬಿ: ರೆಕ್ಕೆ ಇದ್ದೂ ನಡೆದೇ ಹೋಗುವ ಎಲೆದುಂಬಿ

ನದಿದಂಡೆ

ನಮ್ಮ ವೇದಿಕೆಯಲ್ಲಿ ಊರ ಕಡೆಯ ಹುಳುಹುಪ್ಪಟೆಗಳ ಬಗ್ಗೆ ಬೇಕಾದಷ್ಟು ಮಾತಾಗಿದೆ. ನಾನಿರುವುದು ಇಂಗ್ಲೆಂಡಿನ ಯಾರ್ಕ್‌ನಲ್ಲಿ. ಇಲ್ಲಿಯ ಒಂದು ಪುಟ್ಟ ದುಂಬಿಯನ್ನು ಪರಿಚಯ ಮಾಡಿಸುತ್ತೇನೆ. ಪ್ರಶ್ನೆ ಇದ್ದರೆ ಕೇಳಿ, ಜಾಸ್ತಿ ಗೊತ್ತಿದ್ದವರು ಸೇರಿಸಿ.

ಹೆಸರು ಟ್ಯಾನ್ಸಿ ದುಂಬಿ. ವೈಜ್ಞಾನಿಕ ಹೆಸರು ಕ್ರೈಸೊಲಿನಾ ಗ್ರಾಮಿನಿಸ್. 1758ರಲ್ಲಿ ಲಿನೇಯಸ್ ಹೆಸರಿಟ್ಟ ಜೀವಿಗಳಲ್ಲಿ ಇದೂ ಒಂದು. ಎಲೆದುಂಬಿಗಳ ಕುಟುಂಬದ್ದು. ನಮ್ಮಲ್ಲಿ ಕುಂಬಳ, ಸೌತೆ ಬಳ್ಳಿಯ ಎಲೆಗೆ ತೂತು ಹೊಡೆಯುವ ಕೆಂಪು ದುಂಬಿ ಇದೆಯಲ್ಲ, ಅದೂ ಇದೇ ಕುಟುಂಬ. ಟ್ಯಾನ್ಸಿ ದುಂಬಿಯ ಉದ್ದ ಸುಮಾರು 8ರಿಂದ 10 ಮಿಲಿಮೀಟರ್. ಉಬ್ಬಿದ ಬೆನ್ನು, ಮೈ ಪೂರಾ ಹೊಳೆಯುವ ಹಸಿರು, ಬಿಸಿಲು ಬಿದ್ದರೆ ತಾಮ್ರದ ಮಿಂಚು.

ತಿನ್ನುವುದು ಟ್ಯಾನ್ಸಿ ಅನ್ನುವ ಗಿಡದ ಎಲೆ. ಸೊಂಟದ ಎತ್ತರಕ್ಕೆ ಬೆಳೆಯುತ್ತದೆ, ಅಂಗಿ ಗುಂಡಿಯ ಹಾಗೆ ಚಪ್ಪಟೆಯಾದ ಹಳದಿ ಹೂಗಳ ಗೊಂಚಲು ಬಿಡುತ್ತದೆ. ಸೇವಂತಿಗೆಗೆ ಹತ್ತಿರದ ನೆಂಟ. ಎಲೆ ಉಜ್ಜಿದರೆ ಘಾಟು. ಹಿಂದೆ ಇಲ್ಲಿಯ ಜನ ನೊಣ, ಚಿಗಟ ಓಡಿಸಲು ಇದನ್ನು ಮನೆಯಲ್ಲಿ ಹರಡುತ್ತಿದ್ದರು. ಬೇರೆ ಹುಳ ದೂರ ಹೋಗುವ ಗಿಡದಲ್ಲೇ ಈ ದುಂಬಿಯ ಸಂಸಾರ ಪೂರ್ತಿ ನಡೆಯುತ್ತದೆ.

ಯುರೋಪಿನಲ್ಲಿ, ಏಷ್ಯಾದಲ್ಲಿ ಇದು ಅಗಲವಾಗಿ ಹರಡಿದೆ. ಬ್ರಿಟನ್ನಿನಲ್ಲಿ ಮಾತ್ರ ಉಳಿದಿರುವುದು ಮುಖ್ಯವಾಗಿ ಯಾರ್ಕ್ ಆಸುಪಾಸಿನ ಊಸ್ ನದಿಯ ದಂಡೆಯಲ್ಲಿ. ಹಿಂದೆ ಬೇರೆ ಕಡೆಗಳಲ್ಲೂ ಇತ್ತು, ಹೋಯಿತು. ಈಗ ಯಾರ್ಕ್‌ನವರಿಗೆ ಇದು ಊರಿನ ಹೆಮ್ಮೆ. ಗೋಡೆ ಮೇಲೆ ದೊಡ್ಡದಾಗಿ ಇದರ ಚಿತ್ರವನ್ನೂ ಬರೆದಿದ್ದಾರೆ.

ಇದಕ್ಕೆ ರೆಕ್ಕೆ ಇದೆ, ಆದರೆ ಹಾರುವುದಿಲ್ಲ. ಅದರ ಕಷ್ಟ ಎಲ್ಲ ಶುರುವಾಗುವುದು ಅಲ್ಲಿಂದ.

ಕಾಡುಮಲ್ಲಿಗೆ

ಚೆನ್ನಾಗಿದೆ ಅಕ್ಕಾ. ಹಾರುವುದಿಲ್ಲ ಅಂದರೆ ಹೇಗೆ? ರೆಕ್ಕೆ ಕುಗ್ಗಿ ಹೋಗಿದೆಯಾ? ನಮ್ಮ ಕಾಡಿನಲ್ಲಿ ಮೇಲಿನ ಎರಡು ಕವಚ ಅಂಟಿಕೊಂಡೇ ಹೋಗಿರುವ ದುಂಬಿಗಳನ್ನು ನೋಡಿದ್ದೇನೆ.

ನದಿದಂಡೆ

ಇಲ್ಲ ತಂಗಿ, ಇದಕ್ಕೆ ಒಳರೆಕ್ಕೆ ಇದೆ. ಆದರೂ ಇಲ್ಲಿ ಅದು ಹಾರಿದ್ದನ್ನು ಕಂಡವರು ಇಲ್ಲ ಅಂತಲೇ ಹೇಳಬೇಕು. ಒಂದು ಟ್ಯಾನ್ಸಿ ಗುಂಪಿನಿಂದ ಇನ್ನೊಂದಕ್ಕೆ ನಡೆದೇ ಹೋಗುತ್ತದೆ.

ಯಾರ್ಕ್ ವಿಶ್ವವಿದ್ಯಾಲಯದವರು ದುಂಬಿಗಳ ಮೇಲೆ ಗುರುತು ಹಾಕಿ, ಬಿಟ್ಟು, ಮತ್ತೆ ಹುಡುಕಿ, ಎಷ್ಟು ದೂರ ಹೋದವು ಅಂತ ಅಳೆದಿದ್ದಾರೆ. ಬಹುಪಾಲು ದುಂಬಿಗಳು ತಾವಿದ್ದ ಗುಂಪಿನಲ್ಲೇ ಇರುತ್ತವೆ. ಗಿಡಗಳ ಗುಂಪಿನ ಅಂಚಿಗೆ ಬಂದ ದುಂಬಿ ಏನು ಮಾಡುತ್ತದೆ ಅನ್ನುವುದೇ ಮುಖ್ಯ ಅಂತ ಅವರಿಗೆ ಕಂಡಿತು. ತುಂಬಾ ಸಲ ಅದು ವಾಪಸ್ ತಿರುಗುತ್ತದೆ. ಹೊರಗೆ ಹೋದವುಗಳಲ್ಲೂ ದೂರ ಹೋಗುವುದು ಅಪರೂಪ.

ಹೀಗಿರುವಾಗ ನದಿ ದಂಡೆಯಲ್ಲಿ ಒಂದು ಟ್ಯಾನ್ಸಿ ಗುಂಪು ಹಾಳಾಯಿತು ಅಂದುಕೊಳ್ಳಿ. ಪಕ್ಕದ ಗುಂಪು ಕೆಲವು ಮೀಟರ್ ದೂರದಲ್ಲಿದ್ದರೆ ಬದುಕಿತು. ಅರ್ಧ ಕಿಲೋಮೀಟರ್ ದೂರದಲ್ಲಿದ್ದರೆ ಅಲ್ಲಿರುವ ದುಂಬಿಗಳ ಕಥೆ ಮುಗಿದ ಹಾಗೆಯೇ. ಒಟ್ಟು ನದಿಯ ಉದ್ದಕ್ಕೆ ಟ್ಯಾನ್ಸಿ ಎಷ್ಟಿದೆ ಅನ್ನುವುದಕ್ಕಿಂತ ಅದರ ನಡುವಿನ ಖಾಲಿ ಜಾಗ ಎಷ್ಟಿದೆ ಅನ್ನುವುದನ್ನೇ ಮೊದಲು ನೋಡಬೇಕು ಅಂತ ನನಗನಿಸುತ್ತದೆ.

ಸುಮ್ನೆ_ಕೇಳ್ದೆ

ಒಂದು ಒರಟು ಪ್ರಶ್ನೆ, ಬೇಜಾರು ಮಾಡ್ಕೋಬೇಡಿ. ಯುರೋಪು, ಏಷ್ಯಾ ಎಲ್ಲ ಕಡೆ ಇದೆ ಅಂತ ನೀವೇ ಹೇಳಿದಿರಿ. ಒಂದು ದ್ವೀಪದಲ್ಲಿ ಇಲ್ಲದೇ ಹೋದರೆ ಏನಾಯಿತು? ಹಣ, ಜನರ ಸಮಯ ಎಲ್ಲ ನಿಜವಾಗಿ ಅಳಿದು ಹೋಗುತ್ತಿರುವ ಜೀವಿಗೆ ಹೋಗಬೇಕಲ್ವಾ?

ಬರ್ಲಿನ್_ಬಸವ

ನಾನು ಜರ್ಮನಿಯಲ್ಲಿದ್ದೇನೆ. ಇಲ್ಲಿ ಟ್ಯಾನ್ಸಿ ಎಲ್ಲೆಂದರಲ್ಲಿ ಇದೆ. ರೈಲು ಹಳಿ ಪಕ್ಕ, ಖಾಲಿ ಸೈಟು, ರಸ್ತೆ ಬದಿ, ಬೇಸಿಗೆಯಲ್ಲಿ ಹಳದಿಯೋ ಹಳದಿ. ಆದರೆ ಈ ದುಂಬಿಯನ್ನು ನಾನಂತೂ ಅದರ ಮೇಲೆ ನೋಡಿಲ್ಲ. ಗಿಡ ಇದ್ದ ಮಾತ್ರಕ್ಕೆ ದುಂಬಿ ಇರುತ್ತದೆ ಅಂತ ಲೆಕ್ಕ ಹಾಕಬಾರದು. ನಡೆದು ಬರುವ ಜೀವಿ ಅಂದಮೇಲೆ ಪ್ರತಿ ಗಿಡಕ್ಕೂ ಅದು ಬಂದು ಮುಟ್ಟುವುದು ಹೇಗೆ?

ಸುಮ್ನೆ ಅವರೇ, ನಿಮ್ಮ ವಾದ ಒಂದು ಮಟ್ಟಕ್ಕೆ ಸರಿ. ಆದರೆ ಹರಡಿದೆ ಅಂತ ನಕ್ಷೆಯಲ್ಲಿ ಬಣ್ಣ ಬಳಿಯುವುದು ಸುಲಭ. ಆ ಬಣ್ಣದೊಳಗೆ ನಿಜವಾಗಿ ಇರುವುದು ಚುಕ್ಕಿ ಚುಕ್ಕಿ ಜಾಗಗಳು. ಎಲ್ಲ ದೇಶದವರೂ ಪಕ್ಕದ ದೇಶದಲ್ಲಿ ಇದೆ ಅಂದುಕೊಂಡರೆ ಕೊನೆಗೆ ಯಾವ ದೇಶದಲ್ಲಿ ಉಳಿಯುತ್ತದೆ?

ನದಿದಂಡೆ

ಒರಟೇನಲ್ಲ, ನ್ಯಾಯವಾದ ಪ್ರಶ್ನೆ. ಬಸವ ಅವರು ಹೇಳಿದ್ದನ್ನು ಒಪ್ಪುತ್ತೇನೆ. ಇನ್ನೊಂದು ಮಾತು. ಇಲ್ಲಿ ನಡೆಯುತ್ತಿರುವ ಕೆಲಸ ದೊಡ್ಡ ಖರ್ಚಿನದ್ದಲ್ಲ. ದುಂಬಿಗೆ ಲ್ಯಾಬು, ಪಂಜರ ಏನೂ ಬೇಡ. ಟ್ಯಾನ್ಸಿ ಸಸಿ ನೆಡುವುದು, ಹಸು ತುಳಿಯದ ಹಾಗೆ ಸಣ್ಣ ಬೇಲಿ ಹಾಕುವುದು, ಕಳೆ ಕೀಳುವುದು, ವರ್ಷಕ್ಕೊಮ್ಮೆ ದಂಡೆಯ ಉದ್ದಕ್ಕೆ ನಡೆದು ಎಣಿಸುವುದು. 2008ರಲ್ಲಿ ಇದಕ್ಕಾಗಿಯೇ ಟ್ಯಾನ್ಸಿ ಬೀಟಲ್ ಆಕ್ಷನ್ ಗ್ರೂಪ್ ಅಂತ ಒಂದು ಕೂಟ ಶುರುವಾಯಿತು. ವಿಶ್ವವಿದ್ಯಾಲಯದವರು, ಕೀಟಗಳಿಗಾಗಿ ದುಡಿಯುವ ಬಗ್‌ಲೈಫ್ ಸಂಸ್ಥೆ, ನಗರ ಆಡಳಿತ, ಪರಿಸರ ಇಲಾಖೆ, ನ್ಯಾಷನಲ್ ಟ್ರಸ್ಟ್ ಎಲ್ಲ ಸೇರಿದ್ದಾರೆ. ಇದರ ಬಗ್ಗೆ ತುಂಬಾ ಕಾಲದಿಂದ ಕೆಲಸ ಮಾಡಿದವರು ಯಾರ್ಕ್ ವಿಶ್ವವಿದ್ಯಾಲಯದ ಜೆಫ್ ಆಕ್ಸ್‌ಫರ್ಡ್.

ಎಣಿಕೆ ಮಾಡುವುದು ಬೋರ್ ಕೆಲಸದ ಹಾಗೆ ಕಾಣುತ್ತದೆ. ಆದರೆ ಯಾವ ಗುಂಪು ಖಾಲಿಯಾಯಿತು, ಎಲ್ಲಿ ಅಂತರ ಜಾಸ್ತಿಯಾಯಿತು ಅಂತ ಗೊತ್ತಾಗುವುದು ಅದರಿಂದಲೇ.

ಹೆಸರಘಟ್ಟ_ಮೇಷ್ಟ್ರು

ಒಳ್ಳೆಯ ವಿಷಯ ತೆಗೆದಿದ್ದೀರಿ ತಾಯಿ. ನಾನು ಕೃಷಿ ಪಾಠ ಮಾಡಿಕೊಂಡಿದ್ದವನು, ಎಲೆದುಂಬಿ ಅಂದರೆ ನನಗೆ ನೆನಪಾಗುವುದು ಕಾಂಗ್ರೆಸ್ ಗಿಡದ ದುಂಬಿ. ಪಾರ್ಥೇನಿಯಂ ಹೊಡೆಯಲು ಮೆಕ್ಸಿಕೊದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟದ್ದು. ಹೆಸರು ಜೈಗೊಗ್ರಾಮಾ ಬೈಕಲರೇಟಾ. ಮಾಸಲು ಬಿಳಿ ಮೈ, ಮೇಲೆ ಕಂದು ಗೆರೆ. ಈಗ ಮಳೆಗಾಲದಲ್ಲಿ ಯಾವ ಊರ ರಸ್ತೆ ಬದಿಯಲ್ಲಿ ನೋಡಿದರೂ ಸಿಗುತ್ತದೆ. ಮೊದಲ ಕೆಲವು ವರ್ಷ ಅದು ಕಾಣಿಸಿದ್ದೇ ಕಡಿಮೆ. ಆಮೇಲೆ ಏಕಾಏಕಿ ಹೆಚ್ಚಿ ಎಕರೆಗಟ್ಟಲೆ ಕಾಂಗ್ರೆಸ್ ಗಿಡ ಬೋಳಾಯಿತು.

1990ರ ದಶಕದ ಆರಂಭದಲ್ಲಿ ಅದು ಸೂರ್ಯಕಾಂತಿ ತಿನ್ನುತ್ತದೆ ಅಂತ ದೊಡ್ಡ ಗಲಾಟೆ ಆಗಿತ್ತು. ಸೂರ್ಯಕಾಂತಿಯೂ ಪಾರ್ಥೇನಿಯಂ ಕುಟುಂಬದ್ದೇ ಅಲ್ಲವೇ. ಆಮೇಲೆ ನೋಡಿದಾಗ, ಸೂರ್ಯಕಾಂತಿ ಎಲೆಯ ಮೇಲೆ ಬಿದ್ದಿದ್ದ ಪಾರ್ಥೇನಿಯಂ ಪರಾಗದಿಂದ ದುಂಬಿ ಅದಕ್ಕೆ ಬಾಯಿ ಹಾಕುತ್ತದೆ ಅಂತ ಕಂಡುಬಂತು.

ಈಗ ನಿಮಗೆ ನನ್ನ ಪ್ರಶ್ನೆ. ಟ್ಯಾನ್ಸಿಯೂ ಅದೇ ಕುಟುಂಬ. ನಿಮ್ಮ ದುಂಬಿ ಟ್ಯಾನ್ಸಿ ಒಂದನ್ನೇ ತಿನ್ನುತ್ತದೆಯೋ, ಬೇರೆ ಏನಾದರೂ ಇದೆಯೋ? ವರ್ಷದ ಯಾವ ತಿಂಗಳು ಎಲ್ಲಿರುತ್ತದೆ? ನಮ್ಮ ಕಾಂಗ್ರೆಸ್ ದುಂಬಿ ಒಣಗಾಲದಲ್ಲಿ ಮಣ್ಣೊಳಗೆ ಹೋಗಿ ಮಲಗಿಬಿಡುತ್ತದೆ.

ನದಿದಂಡೆ

ಮೇಷ್ಟ್ರೇ ನಮಸ್ಕಾರ. ಇದೂ ಮಣ್ಣೊಳಗೆ ಮಲಗುತ್ತದೆ. ನಿಮ್ಮದು ಬಿಸಿಲಿಗೆ, ನಮ್ಮದು ಚಳಿಗೆ.

ಏಪ್ರಿಲ್ ಹೊತ್ತಿಗೆ ಟ್ಯಾನ್ಸಿಯ ಹೊಸ ಚಿಗುರು ನೆಲದಿಂದ ಮೇಲೆದ್ದಾಗ ದುಂಬಿಗಳೂ ಮಣ್ಣಿಂದ ಮೇಲೆ ಬರುತ್ತವೆ. ತಿಂದು, ಜೋಡಿಯಾಗಿ, ಎಲೆಯ ಅಡಿಭಾಗದಲ್ಲಿ ಮೊಟ್ಟೆ ಇಡುತ್ತವೆ. ಮೇ ತಿಂಗಳಲ್ಲಿ ಬಿಸಿಲಿರುವ ದಿನ ಹೋದರೆ ಒಂದೊಂದು ಗಿಡದಲ್ಲಿ ಜೋಡಿಗಳು ಸಾಲಾಗಿ ಕಾಣುತ್ತವೆ, ನಾಚಿಕೆ ಅನ್ನುವುದು ಇವಕ್ಕೆ ಗೊತ್ತೇ ಇಲ್ಲ. ಮರಿಹುಳುಗಳು ಬೆನ್ನು ಉಬ್ಬಿದ, ದಪ್ಪ ಮೈಯವು, ನೋಡಲು ಏನೂ ಚಂದ ಇಲ್ಲ. ಅವೂ ಅದೇ ಎಲೆ ತಿನ್ನುತ್ತವೆ. ದೊಡ್ಡದಾದ ಮೇಲೆ ಗಿಡದಿಂದ ಇಳಿದು ಬುಡದ ಮಣ್ಣಿಗೆ ಹೋಗಿ ಕೋಶವಾಗುತ್ತವೆ.

ಆ ಹೊತ್ತಿಗೆ ಹಳೆಯ ದುಂಬಿಗಳು ಸತ್ತಿರುತ್ತವೆ, ಹೊಸವು ಇನ್ನೂ ಬಂದಿರುವುದಿಲ್ಲ. ಹಾಗಾಗಿ ಬೇಸಿಗೆಯ ನಡುವೆ ದಂಡೆಗೆ ಹೋದರೆ ಟ್ಯಾನ್ಸಿ ಹೂ ಬಿಟ್ಟು ನಿಂತಿರುತ್ತದೆ, ದುಂಬಿ ಮಾತ್ರ ಕಡಿಮೆ. ಎಲ್ಲೆಲ್ಲಿಂದಲೋ ಬಂದವರು ಜುಲೈನಲ್ಲಿ ನೋಡಿ ನಿರಾಸೆಯಿಂದ ಹೋಗುತ್ತಾರೆ. ಆಗಸ್ಟ್, ಸೆಪ್ಟೆಂಬರಿನಲ್ಲಿ ಹೊಸ ತಲೆಮಾರು ಎದ್ದು ಬಂದು ಚಳಿಗಾಲಕ್ಕೆ ಬೇಕಾದಷ್ಟು ತಿಂದುಕೊಂಡು ಮತ್ತೆ ಮಣ್ಣಿಗೆ. ಇಷ್ಟೇ ವರ್ಷ.

ಊಟದ ವಿಷಯಕ್ಕೆ ಬಂದರೆ, ಯಾರ್ಕ್‌ನಲ್ಲಿ ಟ್ಯಾನ್ಸಿಯೇ ಮುಖ್ಯ. ಬೇರೆ ಕಡೆ ನೀರಿನ ಪುದೀನವನ್ನೂ, ಅದೇ ಬಳಗದ ಜಿಪ್ಸಿವರ್ಟ್ ಅನ್ನುವ ಗಿಡವನ್ನೂ ತಿನ್ನುತ್ತದೆ. ಟ್ಯಾನ್ಸಿ ಸೇವಂತಿಗೆ ಕುಟುಂಬ, ಪುದೀನ ತುಳಸಿ ಕುಟುಂಬ. ಸಂಬಂಧವೇ ಇಲ್ಲ. ಎರಡಕ್ಕೂ ಘಾಟು ವಾಸನೆ ಇದೆ ಅನ್ನುವುದಷ್ಟೇ ನನಗೆ ಕಾಣುವ ಹೋಲಿಕೆ.

2014ರಲ್ಲಿ ಕೇಂಬ್ರಿಡ್ಜ್‌ಷೈರಿನ ವುಡ್‌ವಾಲ್ಟನ್ ಫೆನ್ ಅನ್ನುವ ಜೌಗಿನಲ್ಲಿ ಈ ದುಂಬಿ ಮತ್ತೆ ಸಿಕ್ಕಿತು. ಆ ಕಡೆಯಲ್ಲಿ ಹೋಗಿಯೇಬಿಟ್ಟಿದೆ ಅಂದುಕೊಂಡಿದ್ದರು. ಅಲ್ಲಿ ಅದರ ಊಟ ನೀರಿನ ಪುದೀನ. ಇಂಗ್ಲೆಂಡಿನ ಪೂರ್ವ ಭಾಗದ ಆ ಜೌಗು ನೆಲಗಳನ್ನು 17ನೇ ಶತಮಾನದಿಂದಲೇ ಕಾಲುವೆ ತೋಡಿ ಒಣಗಿಸಿ ಹೊಲ ಮಾಡಿದರು. ಉಳಿದ ತುಣುಕುಗಳಲ್ಲಿ ವುಡ್‌ವಾಲ್ಟನ್ ಒಂದು. 1910ರಲ್ಲಿ ಚಾರ್ಲ್ಸ್ ರಾತ್‌ಶೀಲ್ಡ್ ಅದನ್ನು ಕೊಂಡು ಕಾಪಾಡಿದರು. ಬ್ಯಾಂಕಿನ ಮನೆತನದವರು, ಆದರೆ ಹುಚ್ಚು ಪೂರಾ ಚಿಗಟಗಳ ಮೇಲೆ. ಪ್ಲೇಗ್ ಹರಡುವ ಇಲಿ ಚಿಗಟಕ್ಕೆ ಹೆಸರಿಟ್ಟವರೂ ಇವರೇ. ಪ್ಲೇಗಿನ ಕಥೆಗಳನ್ನು ಅಜ್ಜಿಯಿಂದ ಕೇಳಿದ ಮೈಸೂರಿನವರಿಗೆ ಇದು ಇರಲಿ ಅಂತ ಹೇಳಿದೆ.

ಪುದೀನ_ಕುಂಡ

ಅಕ್ಕಾ, ನಾನು ಲೆಸ್ಟರ್‌ನಲ್ಲಿ ಇರುವುದು. ನಮ್ಮ ಮನೆ ಹಿತ್ತಲಿನ ಪುದೀನ ಕುಂಡದಲ್ಲಿ ನೀವು ಹೇಳಿದ ಹಾಗೇ ಹಸಿರು ಹೊಳೆಯುವ ದುಂಬಿಗಳು ಇವೆ! ಫೋಟೊ ಹಾಕಿದ್ದೇನೆ ನೋಡಿ. ಟ್ಯಾನ್ಸಿ ದುಂಬಿ ಪುದೀನ ತಿನ್ನುತ್ತದೆ ಅಂತ ನೀವೇ ಹೇಳಿದಿರಲ್ಲ. ನಮ್ಮನೆಗೇ ಬಂದಿವೆಯಾ? ಯಾರಿಗಾದರೂ ತಿಳಿಸಬೇಕಾ?

ನದಿದಂಡೆ

ಫೋಟೊ ಚೆನ್ನಾಗಿ ಬಂದಿದೆ. ಇದು ಪುದೀನ ದುಂಬಿ, ಕ್ರೈಸೊಲಿನಾ ಹರ್ಬೇಸಿಯಾ. ಅದೇ ಕುಲದ ದಾಯಾದಿ. ಮನೆ ಪುದೀನದ ಮೇಲೆ ಹಸಿರು ದುಂಬಿ ಕಂಡರೆ ಸಾಮಾನ್ಯವಾಗಿ ಇದೇ. ಬರೀ ಫೋಟೊದಲ್ಲಿ ಎರಡನ್ನೂ ಬೇರೆ ಮಾಡುವುದು ಬಲು ಕಷ್ಟ. ಎಲ್ಲಿ ಸಿಕ್ಕಿತು, ಯಾವ ಗಿಡದ ಮೇಲೆ ಸಿಕ್ಕಿತು ಅನ್ನುವುದೇ ಮೊದಲ ಸುಳಿವು. ನಡೆದು ಹೋಗುವ ಟ್ಯಾನ್ಸಿ ದುಂಬಿ ಲೆಸ್ಟರ್ ಹಿತ್ತಲಿಗೆ ಬಂದು ಸೇರುವುದು ಹೇಗೆ ಹೇಳಿ.

ಜನ ಗೊಂದಲ ಮಾಡಿಕೊಳ್ಳುವ ಇನ್ನೂ ಎರಡು ಇವೆ. ರೋಸ್‌ಮೆರಿ ದುಂಬಿಗೆ ಹಸಿರು, ನೇರಳೆ ಪಟ್ಟೆ ಇರುತ್ತದೆ. ಅದು ದಕ್ಷಿಣ ಯುರೋಪಿನದ್ದು, 1990ರ ದಶಕದಿಂದ ಬ್ರಿಟನ್ನಿನ ತೋಟಗಳಲ್ಲಿ ಬೇರೂರಿದೆ. ಇನ್ನೊಂದು ಡಾಕ್ ಗಿಡದ ದುಂಬಿ. ಅದೂ ಹಸಿರೇ, ಆದರೆ 4ರಿಂದ 6 ಮಿಲಿಮೀಟರ್ ಅಷ್ಟೇ. ಮೊಟ್ಟೆ ತುಂಬಿದ ಹೆಣ್ಣಿಗೆ ಹೊಟ್ಟೆ ಎಷ್ಟು ಊದಿರುತ್ತದೆ ಅಂದರೆ ರೆಕ್ಕೆ ಕವಚ ಮುಚ್ಚುವುದೇ ಇಲ್ಲ.

ಈ ಕುಲದಲ್ಲಿ ನಿಜವಾಗಿ ಅಪರೂಪದ್ದು ಬೇಕೆಂದರೆ ವೇಲ್ಸ್‌ನ ಸ್ನೋಡನ್ ಬೆಟ್ಟಕ್ಕೆ ಹೋಗಬೇಕು. ಅಲ್ಲಿ ಕಾಮನಬಿಲ್ಲಿನ ಪಟ್ಟೆಯ ದುಂಬಿ ಇದೆ, ಕಾಡು ಥೈಮ್ ತಿಂದು ಬದುಕುತ್ತದೆ. ಬ್ರಿಟನ್ನಿನಲ್ಲಿ ಅದಕ್ಕೆ ಆ ಬೆಟ್ಟದ ಸೀಮೆ ಬಿಟ್ಟರೆ ಬೇರೆ ಮನೆ ಇಲ್ಲ.

ರಂಗೋಲಿ_ಚುಕ್ಕಿ

ನಾನು ಹಳೆಯ ಬಟ್ಟೆ, ಕಸೂತಿ ಬಗ್ಗೆ ಓದುವವಳು. ವಿಕ್ಟೋರಿಯಾ ಕಾಲದ ಹೆಂಗಸರು ಟ್ಯಾನ್ಸಿ ದುಂಬಿಯ ರೆಕ್ಕೆಗಳನ್ನು ಬಟ್ಟೆಗೆ ಚಮಕಿ ಹಾಗೆ ಹೊಲಿಸಿಕೊಳ್ಳುತ್ತಿದ್ದರು ಅಂತ ಒಂದು ಕಡೆ ಓದಿದೆ. ಹೌದಾ? ನನಗೇಕೋ ಅನುಮಾನ. ಆ ಕಾಲದ ದುಂಬಿ ರೆಕ್ಕೆಯ ಕಸೂತಿ ಅಂದರೆ ಅದರಲ್ಲಿ ಹೆಚ್ಚಿನದು ನಮ್ಮ ದೇಶದಿಂದ ಹೋದದ್ದು. ಮದ್ರಾಸು, ಕಲ್ಕತ್ತಾ ಕಡೆ ಮಸ್ಲಿನ್ ಬಟ್ಟೆಯ ಮೇಲೆ ಜರಿ ಜೊತೆ ಹಸಿರು ರೆಕ್ಕೆ ಹೊಲಿದು ಹಡಗಿಗೆ ಹಾಕುತ್ತಿದ್ದರು.

1888ರಲ್ಲಿ ಲಂಡನ್ನಿನ ನಟಿ ಎಲೆನ್ ಟೆರ್ರಿ ರಂಗದ ಮೇಲೆ ಹಾಕಿದ ಹಸಿರು ಉಡುಪು ತುಂಬಾ ಪ್ರಸಿದ್ಧ. ಅದರ ಮೇಲೆ ಸುಮಾರು ಸಾವಿರ ರೆಕ್ಕೆಗಳಿವೆ. ಈಗಲೂ ಕೆಂಟ್‌ನಲ್ಲಿ ಆಕೆಯ ಮನೆಯಲ್ಲಿ ಇಟ್ಟಿದ್ದಾರೆ. ಆ ರೆಕ್ಕೆಗಳು ಈ ಎಲೆದುಂಬಿಯದ್ದಲ್ಲ, ನಮ್ಮ ಜೀರ್ಜಿಂಬೆ ಬಳಗದ್ದು.

ಮಂಡ್ಯ_ಗೌಡ

ಜೀರ್ಜಿಂಬೆ ಅಂದ ಕೂಡಲೇ ಓಡಿ ಬಂದೆ ನೋಡಿ. ಬೆಂಕಿಪೊಟ್ಟಣದಲ್ಲಿ ಜಾಲಿ ಸೊಪ್ಪು ಹಾಕಿ ಸಾಕುತ್ತಿದ್ದೆವು. ಸ್ಕೂಲಿನಲ್ಲಿ ಯಾರದ್ದು ಮೊಟ್ಟೆ ಇಟ್ಟಿದೆ ಅಂತ ಪಂದ್ಯ. ಈಗ ನಮ್ಮ ಹೊಲದ ಕಡೆ ಕಾಣುವುದೇ ಇಲ್ಲ ಕಣ್ರೀ. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ?

ನದಿದಂಡೆ

ಚುಕ್ಕಿ ಅವರೇ, ನಾನೂ ನಿಮ್ಮ ಪಕ್ಷವೇ. ಯಾರ್ಕ್‌ನಲ್ಲಿ ಆ ಚಮಕಿಯ ಮಾತನ್ನು ಬಹಳ ಜನ ಹೇಳುತ್ತಾರೆ. ಆದರೆ ಜೀರ್ಜಿಂಬೆಯ ಕವಚ ಉದ್ದ, ಅಗಲ, ಗಟ್ಟಿ. ಟ್ಯಾನ್ಸಿ ದುಂಬಿಯದ್ದು ಅದರ ಕಾಲು ಭಾಗವೂ ಇಲ್ಲ. ಭಾರತದಿಂದ ಅಷ್ಟು ರೆಕ್ಕೆ ಬರುತ್ತಿರುವಾಗ ನದಿ ದಂಡೆಯಲ್ಲಿ ಈ ಪುಟಾಣಿಗಳನ್ನು ಆರಿಸಿಕೊಂಡು ಯಾಕೆ ಕೂರಬೇಕು? ಯಾರೋ ಒಬ್ಬರಿಬ್ಬರು ಹೊಲಿಸಿಕೊಂಡಿರಬಹುದು. ದೊಡ್ಡ ಫ್ಯಾಷನ್ ಆಗಿತ್ತು ಅಂದರೆ ನಾನು ನಂಬುವುದಿಲ್ಲ.

ಗೌಡ್ರೇ, ಎರಡೂ ದುಂಬಿಗಳೇ, ಆದರೆ ಕುಟುಂಬ ಬೇರೆ. ಜೀರ್ಜಿಂಬೆಯ ಮರಿ ಮಣ್ಣೊಳಗೆ ಬೇರು ತಿಂದು ಬೆಳೆಯುತ್ತದೆ. ಇದರದ್ದು ಎಲೆ ಮೇಲೆ. ಒಂದು ವಿಷಯದಲ್ಲಿ ಮಾತ್ರ ಇಬ್ಬರೂ ಒಂದೇ. ಆ ಹಸಿರು ಬಣ್ಣದ ಪುಡಿಯಿಂದ ಬಂದದ್ದಲ್ಲ. ಕವಚದಲ್ಲಿ ತೀರಾ ತೆಳುವಾದ ಪದರಗಳು ಒಂದರ ಮೇಲೊಂದು ಇರುತ್ತವೆ. ಬೆಳಕು ಅವುಗಳಿಂದ ಪುಟಿದು ಬರುವಾಗ ಹಸಿರು ಮಾತ್ರ ಜೋರಾಗಿ ಕಣ್ಣಿಗೆ ಬೀಳುತ್ತದೆ. ಓರೆಯಾಗಿ ನೋಡಿದರೆ ಬಣ್ಣ ಬದಲಾಗುವುದು ಅದಕ್ಕೇ. ಬಣ್ಣ ಮಾಸದೆ ನೂರಾರು ವರ್ಷ ಉಳಿಯುವುದೂ ಅದಕ್ಕೇ.

ಕಾಡುಮಲ್ಲಿಗೆ

ಇಷ್ಟು ಹೊಳೆದರೆ ಹಕ್ಕಿಗಳಿಗೆ ಸುಲಭದ ತುತ್ತಲ್ವಾ? ಹಾರಲೂ ಬರುವುದಿಲ್ಲ ಅಂತೀರಿ.

ಹೆಸರಘಟ್ಟ_ಮೇಷ್ಟ್ರು

ಅದಕ್ಕೆ ನಾನು ಹೇಳುತ್ತೇನೆ ಮಗಳೇ. ಈ ಕುಲದ ದುಂಬಿಗಳ ಬೆನ್ನಿನಲ್ಲಿ, ರೆಕ್ಕೆ ಕವಚದ ಅಂಚಿನಲ್ಲಿ ಸಣ್ಣ ಗ್ರಂಥಿಗಳಿರುತ್ತವೆ. ಕೆಣಕಿದರೆ ಅಲ್ಲಿಂದ ಕಹಿ ರಸ ಹೊರಗೆ ಬರುತ್ತದೆ. ಕ್ರೈಸೊಲಿನಾ ಕುಲದ ಹಲವು ದುಂಬಿಗಳು ಹೃದಯಕ್ಕೆ ವಿಷವಾಗುವ ರಾಸಾಯನಿಕಗಳನ್ನು ತಾವೇ ತಯಾರಿಸುತ್ತವೆ. ಎಕ್ಕದ ಹಾಲಿನಲ್ಲಿ, ಕಣಗಿಲೆಯಲ್ಲಿ ಇರುವ ವಿಷದ ಜಾತಿಯದ್ದೇ. ತಮಾಷೆ ಏನೆಂದರೆ, ಎಕ್ಕದ ಗಿಡದ ಚಿಟ್ಟೆಗಳು ಗಿಡದಲ್ಲಿರುವ ವಿಷವನ್ನು ತೆಗೆದು ಮೈಯಲ್ಲಿಟ್ಟುಕೊಳ್ಳುತ್ತವೆ. ಈ ದುಂಬಿಗಳಿಗೆ ಅಂಥ ಗಿಡ ಬೇಕಿಲ್ಲ. ಯಾವ ಗಿಡದಲ್ಲೂ ಇರುವ ಸಾಧಾರಣ ಕೊಬ್ಬಿನಂಥ ಪದಾರ್ಥದಿಂದ ಮೈಯೊಳಗೇ ವಿಷ ಕಟ್ಟಿಕೊಳ್ಳುತ್ತವೆ. ಹೊಳಪು ನೋಡಿದ ಹಕ್ಕಿ ಒಮ್ಮೆ ಬಾಯಿಗೆ ಹಾಕಿಕೊಂಡು ಉಗಿದರೆ, ಇನ್ನೊಮ್ಮೆ ಆ ಹೊಳಪು ಕಂಡಾಗ ಹತ್ತಿರ ಬರುವುದಿಲ್ಲ.

ಸುಮ್ನೆ_ಕೇಳ್ದೆ

ಸರಿ, ವಿಷ ಇದೆ, ಊಟ ಇದೆ, ಅಭಿಮಾನಿಗಳೂ ಇದ್ದಾರೆ. ಹಾಗಾದರೆ ಅಪಾಯ ಯಾವುದು? ನದಿ ದಂಡೆ ಅಂದರೆ ಪ್ರವಾಹವಾ? ಯಾರ್ಕ್ ಅಂದರೆ ಟೀವಿಯಲ್ಲಿ ಯಾವಾಗಲೂ ಮುಳುಗಿರುವ ರಸ್ತೆಯನ್ನೇ ತೋರಿಸುತ್ತಾರೆ.

ನದಿದಂಡೆ

ಪ್ರವಾಹದ ಬಗ್ಗೆ ಎಲ್ಲರೂ ಕೇಳುತ್ತಾರೆ. ಉತ್ತರ ಮಾತ್ರ ನೇರ ಇಲ್ಲ. 2000, 2015ರಲ್ಲಿ ಊಸ್ ಭಾರಿ ಉಕ್ಕಿತ್ತು. ಎರಡೂ ಚಳಿಗಾಲದ ಹೊತ್ತಿಗೆ ಬಂದದ್ದು. ಆಗ ದುಂಬಿ ಮಣ್ಣೊಳಗೆ ಮಲಗಿರುತ್ತದೆ, ನೀರಡಿ ತುಂಬಾ ದಿನ ಇದ್ದರೂ ಬದುಕುತ್ತದೆ. ಅಪಾಯ ಇರುವುದು ಬೇಸಿಗೆಯ ಪ್ರವಾಹದಲ್ಲಿ. ಆಗ ಮೊಟ್ಟೆ, ಮರಿ ಎಲ್ಲ ಗಿಡದ ಮೇಲೆ ಇರುತ್ತವೆ. ನೀರು ಏರಿದರೆ ಎಲ್ಲ ಕೊಚ್ಚಿ ಹೋಗುತ್ತದೆ. ಅದಕ್ಕೇ ಪ್ರವಾಹ ಮುಟ್ಟದ ಕೆಲವು ಜಾಗಗಳಲ್ಲಿ ಟ್ಯಾನ್ಸಿ ನೆಟ್ಟು, ದುಂಬಿ ತಂದು ಬಿಟ್ಟು, ಬೇರೆ ಮನೆಗಳನ್ನು ಮಾಡಿದ್ದಾರೆ. ಹಾಗೆಂದು ನೀರು ಬರೀ ಶತ್ರುವೂ ಅಲ್ಲ. ನಡೆದು ತಲುಪಲಾಗದ ಕೆಳಗಿನ ದಂಡೆಗೆ ಕೆಲವನ್ನು ಅದೇ ತೇಲಿಸಿಕೊಂಡು ಹೋಗಬಹುದು.

ನಿಜವಾದ ತೊಂದರೆ ಗಿಡದ್ದು. ಹಸು, ಕುರಿ ಮೇಯುವ ಕಡೆ ಟ್ಯಾನ್ಸಿ ಉಳಿಯುವುದಿಲ್ಲ. ತಿನ್ನದಿದ್ದರೂ ತುಳಿಯುತ್ತವೆ. ಮೇಯಿಸುವುದನ್ನು ಪೂರ್ತಿ ನಿಲ್ಲಿಸಿದರೆ ವಿಲ್ಲೋ ಮರ, ಪೊದೆ ಬೆಳೆದು ನೆರಳಾಗಿ ಟ್ಯಾನ್ಸಿ ಸಾಯುತ್ತದೆ. ಎರಡರ ನಡುವೆ ಹಗ್ಗದ ಮೇಲಿನ ನಡಿಗೆ. ಇನ್ನು ಕೆಲವರು ಟ್ಯಾನ್ಸಿಯನ್ನು ರ‍್ಯಾಗ್‌ವರ್ಟ್ ಅನ್ನುವ ಹಳದಿ ಹೂವಿನ ಗಿಡ ಅಂದುಕೊಂಡು ಕಿತ್ತು ಹಾಕುತ್ತಾರೆ. ಅದು ಕುದುರೆಗೆ ವಿಷ.

ಎಲ್ಲಕ್ಕಿಂತ ದೊಡ್ಡ ತಲೆನೋವು ಹಿಮಾಲಯನ್ ಬಾಲ್ಸಮ್. ಹೌದು, ನಮ್ಮ ಹಿಮಾಲಯದ್ದೇ.

ಕಾಡುಮಲ್ಲಿಗೆ

ಬಾಲ್ಸಮ್ ಅಂದರೆ ನಮ್ಮ ಗೌರಿ ಹೂವಿನ ಜಾತಿನಾ? ನಮ್ಮ ಘಟ್ಟದಲ್ಲಿ ಮಳೆಗಾಲದಲ್ಲಿ ಬಂಡೆ, ತೊರೆ ಪಕ್ಕ ಎಷ್ಟೊಂದು ಬಗೆ ಇದೆ! ಕೆಲವಂತೂ ಒಂದೇ ಬೆಟ್ಟದಲ್ಲಿ ಮಾತ್ರ ಸಿಗುವಷ್ಟು ಅಪರೂಪ. ಅದು ತೊಂದರೆ ಕೊಡುತ್ತದೆ ಅಂದರೆ ನಂಬಲು ಕಷ್ಟ.

ನದಿದಂಡೆ

ಅದೇ ಕುಲ ತಂಗಿ. ಇದು ಇಂಪೇಷಿಯನ್ಸ್ ಗ್ಲಾಂಡುಲಿಫೆರಾ. ಉತ್ತರಾಖಂಡ, ಹಿಮಾಚಲ, ಕಾಶ್ಮೀರದ ಕಡೆಯದ್ದು. 1839ರಲ್ಲಿ ಚಂದದ ಹೂ ಅಂತ ಬ್ರಿಟನ್ನಿಗೆ ತಂದರು. ತೋಟದಿಂದ ತಪ್ಪಿಸಿಕೊಂಡು ನದಿ ಹಿಡಿಯಿತು. ಒಂದೇ ಋತುವಿನಲ್ಲಿ ಎರಡು ಮೀಟರಿಗಿಂತ ಎತ್ತರ ಬೆಳೆಯುತ್ತದೆ. ಗೌರಿ ಹೂವಿನ ಕಾಯಿ ಮುಟ್ಟಿದರೆ ಪಟ್ ಅಂತ ಸಿಡಿಯುತ್ತದಲ್ಲ, ಇದರದ್ದೂ ಹಾಗೇ. ಬೀಜ 7 ಮೀಟರ್ ದೂರ ಹಾರುತ್ತದೆ. ಒಂದು ಗಿಡಕ್ಕೆ ಸುಮಾರು 800 ಬೀಜ. ನೀರಿಗೆ ಬಿದ್ದವು ಕೆಳಗಿನ ಊರಿಗೆ.

ಟ್ಯಾನ್ಸಿಗೆ ಬಿಸಿಲು ಬೇಕು. ಬಾಲ್ಸಮ್ ಅದರ ತಲೆ ಮೇಲೆ ಚಪ್ಪರ ಹಾಕಿಬಿಡುತ್ತದೆ. ಚಳಿ ಬಂದಾಗ ಬಾಲ್ಸಮ್ ತಾನೂ ಸಾಯುತ್ತದೆ, ದಂಡೆ ಬೋಳಾಗಿ ಮಣ್ಣು ಕುಸಿಯುತ್ತದೆ. ಒಳ್ಳೆಯ ಸುದ್ದಿ ಒಂದೇ, ಬೇರು ಮೇಲೆ ಮೇಲೆ ಇರುತ್ತದೆ, ಎಳೆದರೆ ಬರುತ್ತದೆ. ಕಾಯಿ ಕಟ್ಟುವ ಮೊದಲೇ ಕೀಳಬೇಕು. ತಡವಾಗಿ ಹೋದರೆ ಕಿತ್ತವರೇ ಬೀಜ ಬಿತ್ತಿದ ಹಾಗೆ. ಮೇಲಿನ ಊರಿನವರು ಕೀಳದಿದ್ದರೆ ಕೆಳಗಿನವರು ಎಷ್ಟು ಕಿತ್ತರೂ ಮುಂದಿನ ವರ್ಷ ಮತ್ತೆ ಹಾಜರು.

ಹೆಸರಘಟ್ಟ_ಮೇಷ್ಟ್ರು

ಅಂದರೆ ನಮಗೆ ಕಾಂಗ್ರೆಸ್ ಗಿಡ ಹೇಗೋ ಅವರಿಗೆ ಬಾಲ್ಸಮ್ ಹಾಗೆ. ಅದಕ್ಕೂ ಅದರ ತವರಿನಿಂದ ಶತ್ರುವನ್ನು ತರಿಸಲಿಲ್ಲವೇ?

ನದಿದಂಡೆ

ತರಿಸಿದರು ಮೇಷ್ಟ್ರೇ. ದುಂಬಿ ಅಲ್ಲ, ತುಕ್ಕು ರೋಗದ ಒಂದು ಶಿಲೀಂಧ್ರ. ಹಿಮಾಲಯದಲ್ಲಿ ಬಾಲ್ಸಮ್ಮಿಗೆ ಬರುವ ರೋಗವನ್ನು ಹುಡುಕಿ, ಬೇರೆ ಗಿಡಕ್ಕೆ ತಗಲುವುದಿಲ್ಲ ಅಂತ ಪರೀಕ್ಷೆ ಮಾಡಿ, 2014ರಲ್ಲಿ ಇಂಗ್ಲೆಂಡಿನಲ್ಲಿ ಬಿಟ್ಟರು. ಭಾರತದ ತಳಿ ಮೊದಲು, ಆಮೇಲೆ ಪಾಕಿಸ್ತಾನದ್ದು. ಬಾಲ್ಸಮ್ಮಿನಲ್ಲೂ ಒಳತಳಿಗಳಿವೆ. ಒಂದಕ್ಕೆ ತಗಲಿದ ತುಕ್ಕು ಇನ್ನೊಂದಕ್ಕೆ ತಗಲುವುದಿಲ್ಲ. ಹಾಗಾಗಿ ಕೈಯಿಂದ ಕೀಳುವುದು ತಪ್ಪಿಲ್ಲ.

ಇನ್ನೊಂದು ಕಡೆ ನೋಡಿ. ಇಲ್ಲಿ ನಾವು ಒಂದೊಂದೇ ಸಸಿ ನೆಟ್ಟು ಬೇಲಿ ಹಾಕುವ ಇದೇ ಟ್ಯಾನ್ಸಿ ಉತ್ತರ ಅಮೆರಿಕದಲ್ಲಿ ಕಳೆ. ಅಲ್ಲಿಯವರು ಇದನ್ನು ಹೇಗೆ ತೊಲಗಿಸುವುದು ಅಂತ ತಲೆ ಕೆಡಿಸಿಕೊಂಡಿದ್ದಾರೆ.

ಸುಮ್ನೆ_ಕೇಳ್ದೆ

ನನ್ನ ಮೊದಲ ಪ್ರಶ್ನೆ ಇನ್ನೂ ಪೂರ್ತಿ ಹೋಗಿಲ್ಲ. ಆದರೆ ಇಷ್ಟು ಒಪ್ಪುತ್ತೇನೆ, ಕೆಲಸ ನಡೆಯುತ್ತಿರುವುದು ನದಿ ದಂಡೆಗೆ, ದುಂಬಿ ನೆಪ. ದುಂಬಿಯ ಚಿತ್ರ ಹಾಕದೆ ಸುಮ್ನೆ ಕಳೆ ಕೀಳಲು ಬನ್ನಿ ಅಂದರೆ ಎಷ್ಟು ಜನ ಬರುತ್ತಾರೆ?

ಬರ್ಲಿನ್_ಬಸವ

ನೆಪ ಅನ್ನುವುದು ಸ್ವಲ್ಪ ಜಾಸ್ತಿಯಾಯಿತು. ಕಂದು ಬಣ್ಣದ ಸಾಧಾರಣ ದುಂಬಿ ಆಗಿದ್ದರೆ ಇಷ್ಟು ಜನ ಬರುತ್ತಿರಲಿಲ್ಲ ಅನ್ನುವುದು ನಿಜ. ಅದು ದುಂಬಿಯ ಅದೃಷ್ಟ, ತಪ್ಪಲ್ಲ.

ಪುದೀನ_ಕುಂಡ

ಮಕ್ಕಳಿಗೆ ರಜೆ ಇದ್ದಾಗ ಯಾರ್ಕ್‌ಗೆ ಬಂದು ನೋಡಬೇಕು ಅಂತ ಆಸೆ. ಯಾವಾಗ, ಎಲ್ಲಿ ಅಂತ ಹೇಳಿ ಅಕ್ಕಾ. ಹಾಗೇ ನಮ್ಮ ಕುಂಡದ ಪುದೀನ ದುಂಬಿಗಳನ್ನು ಏನು ಮಾಡಲಿ? ಎಲೆಯೆಲ್ಲ ತೂತು ತೂತು.

ನದಿದಂಡೆ

ಮೇ ತಿಂಗಳ ಕೊನೆಯ ವಾರದ ಶಾಲೆ ರಜೆಗೆ ಬನ್ನಿ. ಆಗಲಿಲ್ಲವಾದರೆ ಆಗಸ್ಟ್ ಕೊನೆಗೆ. ಜುಲೈ ಬೇಡ. ದಂಡೆಯವರೆಗೆ ಹೋಗಲು ಮಕ್ಕಳಿಗೆ ಕಷ್ಟವಾದರೆ ಊರ ಮಧ್ಯದ ಮ್ಯೂಸಿಯಂ ಗಾರ್ಡನ್ಸ್‌ನಲ್ಲೇ ಟ್ಯಾನ್ಸಿ ಹುಡುಕಿ. ಬಿಸಿಲು ಬಂದ ಮೇಲೆ, ಗಿಡದ ಮೇಲ್ತುದಿ ನೋಡಿ. ನೆರಳು ಬೀಳದ ಹಾಗೆ ನಿಲ್ಲಲು ಮಕ್ಕಳಿಗೆ ಹೇಳಿ. ನೆರಳು ತಾಗಿದರೆ ಕಾಲು ಮಡಚಿಕೊಂಡು ತಪ್ಪಂತ ಕೆಳಗೆ ಬೀಳುತ್ತವೆ, ಆಮೇಲೆ ಹುಲ್ಲಿನಲ್ಲಿ ಸಿಗುವುದಿಲ್ಲ. ಬೆಂಕಿಪೊಟ್ಟಣ ಮಾತ್ರ ತರಬೇಡಿ, ಗೌಡ್ರ ಮಾತು ಕೇಳಿ ಮಕ್ಕಳಿಗೆ ಆಸೆ ಹುಟ್ಟಿದ್ದರೂ ಸರಿ.

ಕುಂಡದವುಗಳನ್ನು ಅಲ್ಲೇ ಬಿಡಿ. ಪುದೀನ ಗಟ್ಟಿ ಪಿಂಡ, ಮತ್ತೆ ಚಿಗುರುತ್ತದೆ. ಚಟ್ನಿಗೆ ಬೇರೆ ಒಂದು ಕುಂಡ ಇಟ್ಟುಕೊಳ್ಳಿ, ಕೀಳುವಾಗ ಎಲೆಯ ಅಡಿ ಒಮ್ಮೆ ನೋಡಿ.

ಮಂಡ್ಯ_ಗೌಡ

ಜೀರ್ಜಿಂಬೆಗೆ ಬೇರೆ ಚರ್ಚೆ ಶುರು ಮಾಡಿದ್ದೇನೆ. ಯಾರ ಊರಲ್ಲಿ ಈಗಲೂ ಇದೆ, ಯಾವ ಗಿಡದ ಮೇಲೆ, ಯಾವ ತಿಂಗಳು, ಅಲ್ಲಿ ಬರೆಯಿರಿ. ಮೇಷ್ಟ್ರೇ, ನೀವು ಬರಲೇಬೇಕು.